ಗುಂಡು ತೂಗಿ ಕೊಡುವ ಅಂಗಡಿ: ಉದ್ರಿ ಸಿಗುತ್ತೆ, ಜೆರ್ಸಿ ಮಾತ್ರ ಬೇಡ

ದಾವಣಗೆರೆಯ ಅಶೋಕ ರಸ್ತೆ ಕಡೆಯ ಒಂದು ಗಲ್ಲಿಯಲ್ಲಿ ಆಟದ ಸಾಮಾನಿನ ಅಂಗಡಿ ಇದೆ. ಹೆಸರು ಬರೆಯಲ್ಲ. ಯಜಮಾನರೇ ಬೇಡ ಅಂದಿದ್ದಾರೆ. "ಬರೆದ್ರೆ ಊರೋರೆಲ್ಲ ಉದ್ರಿ ಕೇಳ್ಕೊಂಡು ಬರ್ತಾರ್ರೀ ಸಾರ್" ಅಂತ. ಬೇಕಾದವರು ಯಾವುದಾದರೂ ಕಾಲೇಜಿನ ಪಿಡಿ ಸಾರ್, ಅಂದರೆ ಆಟ ಕಲಿಸುವ ಮೇಷ್ಟ್ರ ಹತ್ತಿರ ಕೇಳಿ, ದಾರಿ ಹೇಳುತ್ತಾರೆ.

ನಾನೂ ಒಬ್ಬ ಪಿಡಿ. ದಾವಣಗೆರೆ ವಿಶ್ವವಿದ್ಯಾಲಯಕ್ಕೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರುತ್ತವೆ ಅಲ್ವಾ, ಅದರೊಳಗೆ ನಾವು ಎಂಟು ಸಣ್ಣ ಡಿಗ್ರಿ ಕಾಲೇಜಿನವರು ಒಂದು ಗುಂಪು ಮಾಡಿಕೊಂಡಿದ್ದೇವೆ. ಸಾಮಾನು ಒಟ್ಟಿಗೆ ಕೊಳ್ಳೋದು, ಹಂಚಿಕೊಳ್ಳೋದು, ಇಂಟರ್ ಕಾಲೇಜ್ ಟೂರ್ನಿಗೆ ಮುಂಚೆ ನಮ್ಮನಮ್ಮಲ್ಲೇ ಒಂದು ಮೀಟ್ ನಡೆಸೋದು. ಈ ವರ್ಷ ಗುಂಪಿನ ಯಜಮಾನಿಕೆ ನನ್ನ ತಲೆಗೆ ಬಂತು. ಬಂದ ವರ್ಷವೇ ದುಡ್ಡಿಗೆ ಬರ. ಮಕ್ಕಳು ಕಟ್ಟುವ ಕ್ರೀಡಾ ಶುಲ್ಕದಲ್ಲೇ ನಮ್ಮ ಸಂಸಾರ ನಡೆಯಬೇಕು, ನಮ್ಮಲ್ಲಿ ಬಿಎ ಅಡ್ಮಿಷನ್ನೇ ಕಮ್ಮಿಯಾದರೆ ಎಲ್ಲಿಂದ ತರೋದು? ಎರಡು ಕಾಲೇಜು ಈ ಸಲ ಪಾಲು ಕೊಡೋಕೆ ಆಗಲ್ಲ ಎಂದು ಕೈ ಎತ್ತಿದವು.

ನನ್ನ ತಂಗಿ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅಲ್ಲಿ ಇಂಥ ಕಾಲೇಜು ಗುಂಪಿಗೆ ಕಾನ್ಫರೆನ್ಸ್ ಅಂತಾರೆ, ಅದರ ಮುಖ್ಯಸ್ಥ ಕಮಿಷನರ್. ಅಲ್ಲಿ ಕಾಲೇಜು ಆಟ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲೆ ಆಟಗಾರರು ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ಕೋರ್ಟ್ ಒಂದು ರಾಜಿಗೆ ಒಪ್ಪಿಗೆ ಕೊಟ್ಟಿತು. ಹಳೇ ಆಟಗಾರರಿಗೆ 10 ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಕೊಡಬೇಕು, ಈಗ ಆಡುವವರಿಗೂ ಒಂದೊಂದು ಕಾಲೇಜು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು. ದೊಡ್ಡವರಿಗೆ ಟಿವಿ ದುಡ್ಡಿದೆ, ನಡೆಯುತ್ತೆ. ಆ 280 ಕೋಟಿಯಲ್ಲಿ ಒಂದು ಭಾಗವನ್ನು ಎನ್‌ಸಿಎಎ ಸಣ್ಣ ಕಾನ್ಫರೆನ್ಸ್‌ಗಳಿಗೆ ಕೊಡುವ ಪಾಲಿನಿಂದಲೂ ಮುರಿದುಕೊಳ್ಳುತ್ತದೆ. ಮದುವೆ ಯಾರದ್ದೋ, ಮುಯ್ಯಿ ನಮ್ಮದು ಅನ್ನೋ ಹಾಗಿದೆ. "ಹಂಗಾದ್ರೆ ಮಾವ, ನೀನೂ ಕಮಿಷನರ್ರೇ" ಅಂದ. ಹೌದಪ್ಪ, ಸಂಬಳ ಇಲ್ಲ ಅಷ್ಟೇ.

ಈಗ ಅಂಗಡಿಗೆ ಬರೋಣ.

ದುಡ್ಡು ಉಳಿಸೋಣ ಅಂತ ಗುಂಡು ಎಸೆತಕ್ಕೆ (ಶಾಟ್‌ಪುಟ್) ಆನ್‌ಲೈನಲ್ಲಿ ಒಂದು ಗುಂಡು ತರಿಸಿದ್ದೆವು. ಮೇಲೆ 7.26 ಕೆಜಿ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಹುಡುಗರ ಗುಂಡು ಅಷ್ಟು ತೂಗಬೇಕು, ಹುಡುಗಿಯರದ್ದು 4 ಕೆಜಿ. ನಮ್ಮ ಹುಡುಗ ಒಂದೇ ತಿಂಗಳಲ್ಲಿ ಅರ್ಧ ಮೀಟರ್ ಮುಂದೆ ಎಸೆಯೋಕೆ ಶುರು ಮಾಡಿದ, ನಾವೂ ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು. ಬೇರೆ ಕೆಲಸಕ್ಕೆ ಅಂಗಡಿಗೆ ಹೋದಾಗ ಅದು ಚೀಲದಲ್ಲಿತ್ತು. ಯಜಮಾನರು ಸುಮ್ನೆ ಕೈಗೆ ತೆಗೆದುಕೊಂಡರು. ಒಂದು ಸಲ ಮೇಲೆ ಕೆಳಗೆ ಆಡಿಸಿದರು. ಮಾತಿಲ್ಲ. ಹಳೇ ಟವೆಲ್ಲನ್ನು ಸಿಂಬೆ ಮಾಡಿ ತಕ್ಕಡಿ ಮೇಲೆ ಇಟ್ಟು, ಸೊನ್ನೆ ಬರುವವರೆಗೆ ಕಾದು, ಅದರ ಮೇಲೆ ಗುಂಡು ಕೂರಿಸಿದರು. 6.870. "ನಿಮ್ ಹುಡುಗ ಮುಂದಕ್ಕೆ ಹೋಗಿಲ್ರೀ ಸಾರ್, ಗುಂಡು ಹಿಂದಕ್ಕೆ ಬಂದೈತಿ" ಅಂದರು. ಆ ಹುಡುಗನಿಗೆ ಹೇಗೆ ಹೇಳೋದು ಅಂತ ಎರಡು ದಿನ ಯೋಚಿಸಿದೆ. ಇವರ ಹತ್ತಿರ ಕೊಂಡಿದ್ದು ಅದೇ ಸಿಂಬೆ ಮೇಲೆ 7.270 ತೋರಿಸಿತು. 300 ರೂಪಾಯಿ ಜಾಸ್ತಿ ಆಯಿತು, ಆಗಲಿ.

ರಿಪೇರಿ ಇನ್ನೂ ಚೆನ್ನಾಗಿದೆ. ನಮ್ಮ ವಾಲಿಬಾಲ್ ನೆಟ್ಟಿನ ಮೇಲಿನ ಬಿಳಿ ಪಟ್ಟಿ ಕಿತ್ತು ನೇತಾಡುತ್ತಿತ್ತು. ಹೊಸದು ಕೊಡಿ ಅಂದೆ. ಬಿಡಿಸಿ ನೋಡಿ, ಬಲೆ ಗಟ್ಟಿ ಇದೆ, ಪಟ್ಟಿ ಮಾತ್ರ ಹಾಕಿಸಿಕೊಡ್ತೀನಿ ಅಂದರು. 180 ರೂಪಾಯಿ. ಹೊಸದು ಮಾರಿ ಲಾಭ ಮಾಡಬಹುದಿತ್ತು, ಮಾಡಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಆಟದ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಾಗ ಬಾಲಿನ ರೇಟನ್ನೂ ಕೇಳುವ ಮೊದಲೇ ಇಳಿಸಿದರು.

ಉದ್ರಿ ಲೆಕ್ಕಕ್ಕೆ ಉದ್ದನೆಯ ಕೆಂಪು ಪುಸ್ತಕ ಇದೆ. ಎಂಟು ಕಾಲೇಜಿಗೆ ಎಂಟು ಪುಟ. ಸರ್ಕಾರಿ ಕಾಲೇಜಿನ ಬಿಲ್ಲು ಖಜಾನೆಯಿಂದ ಬರೋದು ಯಾವಾಗ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಫೋನ್ ಮಾಡಿ ಕಾಟ ಕೊಡಲ್ಲ. ಆದರೆ ಹಳೇ ಬಾಕಿ ಇರುವ ಪುಟಕ್ಕೆ ಹೊಸ ಸಾಮಾನು ಬರೆಯಲ್ಲ, ನಾನು ಎಷ್ಟು ಬೇಡಿಕೊಂಡರೂ ಅಷ್ಟೇ. ಪಾಲು ಕೊಡದ ಆ ಎರಡು ಕಾಲೇಜಿನ ಮಕ್ಕಳಿಗೆ ಕಬಡ್ಡಿ ನೀ ಕ್ಯಾಪನ್ನು ಕೊನೆಗೆ ನನ್ನ ಹೆಸರಿನಲ್ಲೇ ಬರೆಸಿದೆ. ಮನೆಯಲ್ಲಿ ಹೇಳಿಲ್ಲ.

ಇನ್ನು ಜೆರ್ಸಿ. ದಯವಿಟ್ಟು ಬೇಡ. ಪ್ರಿಂಟಿಂಗ್ ಹೊರಗೆ ಕೊಡಿಸುತ್ತಾರೆ, ಹೇಳಿದ ದಿನಕ್ಕೆ ಬರಲ್ಲ. ನಮಗೆ ಮೀಟ್‌ನ ಬೆಳಿಗ್ಗೆ 8ಕ್ಕೆ ಬಂತು, ಇಂಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ಒಗೆತಕ್ಕೆ ನಂಬರು ಏಳೋಕೆ ಶುರು. 8ನೇ ನಂಬರಿನ ಎಡಭಾಗ ಕಿತ್ತು 3 ಆಯಿತು, ತಂಡದಲ್ಲಿ ಆಗಲೇ ಒಬ್ಬ 3 ಇದ್ದ, ರೇಡರ್ ಮುಟ್ಟಿದ್ದು ಯಾರನ್ನು ಅಂತ ಸ್ಕೋರರ್ ನನ್ನ ಮುಖ ನೋಡುತ್ತಾ ಕೂತ. ದೂರು ಹೇಳಿದರೆ ಯಜಮಾನರು ಪ್ರಿಂಟಿಂಗಿನವನ ಮೇಲೆ ಹಾಕಿದರು. ದುಡ್ಡು ಕಟ್ಟಿದ್ದು ಇವರಿಗೆ ತಾನೇ?

ಸಾಮಾನಿಗೆ, ರಿಪೇರಿಗೆ 5ಕ್ಕೆ 5 ಕೊಡ್ತೀನಿ. ಜೆರ್ಸಿಗೆ 1, ಅದೂ ಬಟ್ಟೆ ಚೆನ್ನಾಗಿದೆ ಅಂತ.

ಮಧ್ಯಾಹ್ನ 2ರಿಂದ 4 ಶಟರ್ ಇಳಿದಿರುತ್ತೆ. ಅಷ್ಟು ಹೊತ್ತು ಬೆಣ್ಣೆ ದೋಸೆ ತಿಂದು ಬರೋಣ ಅಂತ ಹೋದರೆ, ಗುಂಡಿನ ಚೀಲವನ್ನು ಹೋಟೆಲ್ ಟೇಬಲ್ ಮೇಲೆ ಇಡಬೇಡಿ. ನಾನು ಇಟ್ಟು ಬೈಸಿಕೊಂಡಿದ್ದೇನೆ.