ಫೆಟ್ ಸಿಮ್ಯುಲೇಶನ್‌ಗಳು: ಲಿಮಿಟಿಂಗ್ ರಿಯಾಕ್ಟಂಟ್ ಅರ್ಥ ಆಗ್ಬೇಕಂದ್ರೆ ಇಲ್ಲಿಂದ ಶುರು ಮಾಡಿ, ಗ್ರಾಂ ಲೆಕ್ಕಕ್ಕೆ ಮಾತ್ರ ಪೆನ್ನು ಪೇಪರ್ ಬೇಕೇ ಬೇಕು

ಫಸ್ಟ್ ಇಯರ್ ಕೆಮಿಸ್ಟ್ರಿಲಿ ಸ್ಟಾಯ್ಕಿಯೋಮೆಟ್ರಿ (ರಿಯಾಕ್ಷನ್‌ಗೆ ಯಾವುದು ಎಷ್ಟು ಬೇಕು, ಎಷ್ಟು ಬರುತ್ತೆ ಅನ್ನೋ ಲೆಕ್ಕ) ಅಂದ ತಕ್ಷಣ ಕೈ ಚೆಲ್ಲಿ ಕೂರೋರಿಗೆಲ್ಲ ನಾನು ಮೊದಲು ಹೇಳೋದು ಫೆಟ್ (PhET) ಅನ್ನೋ ಸಿಮ್ಯುಲೇಶನ್ ವೆಬ್‌ಸೈಟ್ ಓಪನ್ ಮಾಡಿ ಅಂತ. ಕೊಲೊರಾಡೊ ಬೋಲ್ಡರ್ ಯೂನಿವರ್ಸಿಟಿಯವರು ನಡೆಸ್ತಿರೋದು, 2001ರಲ್ಲಿ ಫಿಸಿಕ್ಸ್ ನೊಬೆಲ್ ತಗೊಂಡ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಫ್ರೀ, ಬ್ರೌಸರ್‌ನಲ್ಲೇ ಓಡುತ್ತೆ, ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದೇನೂ ನಡೆಯುತ್ತೆ. ನೂರಕ್ಕೂ ಹೆಚ್ಚು ಸಿಮ್ಯುಲೇಶನ್ ಇವೆ, ನಾನಿಲ್ಲಿ ಬರೀತಿರೋದು ಕೆಮಿಸ್ಟ್ರಿ ಲೆಕ್ಕಕ್ಕೆ ಬೇಕಾದ ನಾಲ್ಕರ ಬಗ್ಗೆ ಮಾತ್ರ.

ಮೊದಲನೇದು ಬ್ಯಾಲೆನ್ಸಿಂಗ್ ಕೆಮಿಕಲ್ ಈಕ್ವೇಶನ್ಸ್. ಅಮೋನಿಯ ಮಾಡೋದು, ನೀರು ಒಡೆಯೋದು, ಮೀಥೇನ್ ಸುಡೋದು, ಇಷ್ಟರಿಂದ ಶುರುವಾಗುತ್ತೆ. ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ ಮುಂದಿನ ಅಂಕಿ, ಅಂದ್ರೆ ಕೋಎಫಿಶಿಯಂಟ್ ಮಾತ್ರ ನಮ್ಮ ಕೈಲಿರುತ್ತೆ, ಫಾರ್ಮುಲಾ ಒಳಗಿನ ಸಣ್ಣ ಅಂಕಿ ಮುಟ್ಟೋಕೇ ಆಗಲ್ಲ. ಪೇಪರ್ ಮೇಲೆ ಮಾಡೋವಾಗ ಆಕ್ಸಿಜನ್ ಒಂದು ಕಮ್ಮಿ ಬಂತು ಅಂತ ನೀರಿನ ಫಾರ್ಮುಲಾಗೇ ಇನ್ನೊಂದು ಆಕ್ಸಿಜನ್ ಸೇರಿಸಿಬಿಡ್ತಾರೆ, ಆಗ ಅದು ನೀರೇ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗೋಗುತ್ತೆ, ಬೇರೇನೇ ವಸ್ತು. ಇಲ್ಲಿ ಆ ದಾರಿನೇ ಮುಚ್ಚಿದೆ. ಪಕ್ಕದಲ್ಲಿ ತಕ್ಕಡಿ ಆನ್ ಮಾಡ್ಕೊಂಡ್ರೆ ಯಾವ ಪರಮಾಣು ಯಾವ ಕಡೆ ಜಾಸ್ತಿ ಇದೆಯೋ ಆ ಕಡೆ ವಾಲುತ್ತೆ, ಒಂದೊಂದು ಎಲಿಮೆಂಟ್‌ಗೂ ಬೇರೆ ಬೇರೆ ತಕ್ಕಡಿ. ಗೇಮ್‌ನಲ್ಲಿ ಅಮೋನಿಯಗೆ 1, 3, 2 ಬದಲು 2, 6, 4 ಅಂತ ಹಾಕಿದ್ರೆ ಬ್ಯಾಲೆನ್ಸ್ ಆಗಿದೆ ಆದ್ರೆ ಇನ್ನೂ ಸಣ್ಣದು ಮಾಡಬಹುದು ಅಂತ ಬಿಡಿಸಿ ಹೇಳುತ್ತೆ, ಸುಮ್ನೆ ತಪ್ಪು ಅಂತ ಕೆಂಪು ಗೀಟು ಎಳೆಯಲ್ಲ, ಈ ವ್ಯತ್ಯಾಸ ಕಲಿಯೋರಿಗೆ ತುಂಬಾ ಮುಖ್ಯ.

ಕೊರತೆ ಅಂದ್ರೆ ಇದು ಎಣಿಸೋದು ಪರಮಾಣು ಮಾತ್ರ, ಚಾರ್ಜ್ ಅಲ್ಲ. ಆಸಿಡ್ ಮೀಡಿಯಮ್‌ನಲ್ಲಿ ಪರ್ಮ್ಯಾಂಗನೇಟ್ ಜೊತೆ ಫೆರಸ್ ಐಯಾನ್ ರಿಯಾಕ್ಷನ್ ತಗೊಳ್ಳಿ, ಒಂದು ಪರ್ಮ್ಯಾಂಗನೇಟ್‌ಗೆ ಐದು ಫೆರಸ್ ಬೇಕು ಅನ್ನೋದು ಎಲೆಕ್ಟ್ರಾನ್ ಲೆಕ್ಕದಿಂದ ಬರೋದು, ಇಂಥ ರೆಡಾಕ್ಸ್, ಅಂದ್ರೆ ಎಲೆಕ್ಟ್ರಾನ್ ಕೊಟ್ಟು ತಗೊಳ್ಳೋ ರಿಯಾಕ್ಷನ್, ಇಲ್ಲಿ ಸಿಗಲ್ಲ.

ಈಗ ನಿಜವಾದ ಮಾಲು. ರಿಯಾಕ್ಟಂಟ್ಸ್, ಪ್ರಾಡಕ್ಟ್ಸ್ ಅಂಡ್ ಲೆಫ್ಟೋವರ್ಸ್ ಅಂತ ಹೆಸರು, ಹೆಸರಲ್ಲೇ ಎಲ್ಲ ಇದೆ. ಮೊದಲ ಸ್ಕ್ರೀನ್‌ನಲ್ಲಿ ಸ್ಯಾಂಡ್‌ವಿಚ್, ಎರಡು ಬ್ರೆಡ್ ಒಂದು ಚೀಸ್ ಸೇರಿದ್ರೆ ಒಂದು, ಕಾಲೇಜಿನವರಿಗೆ ಇದೇನು ಅಂತ ಅನ್ಸಬಹುದು ಆದ್ರೆ ದಯವಿಟ್ಟು ಸ್ಕಿಪ್ ಮಾಡ್ಬೇಡಿ ಯಾಕಂದ್ರೆ ಮುಂದಿನ ಸ್ಕ್ರೀನ್‌ನಲ್ಲಿ ಅದೇ ಆಟ ಅಣುಗಳ ಜೊತೆ ಬರುತ್ತೆ. ಎಡಗಡೆ ರಿಯಾಕ್ಷನ್‌ಗೆ ಮುಂಚೆ ಏನಿತ್ತು, ಬಲಗಡೆ ಆದ್ಮೇಲೆ ಏನಾಯ್ತು ಮತ್ತೆ ಏನು ಮಿಕ್ತು. 1 ನೈಟ್ರೋಜನ್‌ಗೆ 3 ಹೈಡ್ರೋಜನ್ ಸೇರಿದ್ರೆ 2 ಅಮೋನಿಯ, ಇಲ್ಲಿ 2 ನೈಟ್ರೋಜನ್, 5 ಹೈಡ್ರೋಜನ್ ಇಡಿ. 2 ಅಮೋನಿಯ ಬರುತ್ತೆ, 1 ನೈಟ್ರೋಜನ್ ಮತ್ತೆ 2 ಹೈಡ್ರೋಜನ್ ಮಿಗುತ್ತೆ. ನೋಡಿ, ಇಲ್ಲಿ ಎರಡೂ ಮಿಕ್ಕಿದೆ! ಲಿಮಿಟಿಂಗ್ ರಿಯಾಕ್ಟಂಟ್ (ರಿಯಾಕ್ಷನ್ ಮುಂದೆ ಹೋಗದ ಹಾಗೆ ತಡೆಯೋ ವಸ್ತು) ಅಂದ್ರೆ ಪೂರ್ತಿ ಖಾಲಿ ಆಗೋದು ಅಂತ ಬಾಯಿಪಾಠ ಮಾಡಿದವರು ಇಲ್ಲಿ ನಿಂತು ಯೋಚ್ನೆ ಮಾಡ್ಲೇಬೇಕು, ಹೈಡ್ರೋಜನ್ 2 ಉಳಿದ್ರೂ ಇನ್ನೊಂದು ಸುತ್ತಿಗೆ 3 ಬೇಕು, ಅದು ಸಾಲಲ್ಲ, ಅದಕ್ಕೇ ತಡೆದಿದ್ದು ಹೈಡ್ರೋಜನ್ನೇ. ಮೋಲ್‌ಗಳಲ್ಲಿ ಲೆಕ್ಕ ಮಾಡೋವಾಗ ಹೀಗೆ ಆಗಲ್ಲ, ಅಲ್ಲಿ ಅಣುಗಳ ಸಂಖ್ಯೆ ಅಷ್ಟು ದೊಡ್ಡದು, 1 ಮೋಲ್ ಅಂದ್ರೆ 6.022 × 10²³, ಒಂದೆರಡು ಉಳಿದಿದ್ದು ಲೆಕ್ಕಕ್ಕೇ ಬರಲ್ಲ. ಆದ್ರೆ ಯಾವುದು ಯಾಕೆ ತಡೆಯುತ್ತೆ ಅನ್ನೋದು ತಲೆಗೆ ಕೂರೋದು ಈ ಸಣ್ಣ ಸಂಖ್ಯೆಗಳಲ್ಲೇ. ಗೇಮ್‌ನಲ್ಲಿ ಕೆಲವು ಪ್ರಶ್ನೆ ಉಲ್ಟಾ ಇರುತ್ತೆ, ಆದ್ಮೇಲೆ ಇಷ್ಟಿದೆ ಮುಂಚೆ ಎಷ್ಟಿತ್ತು ಹೇಳಿ ಅಂತ, ಅದನ್ನ ಮಾತ್ರ ಬಿಡ್ಬೇಡಿ, ಫಾರ್ಮುಲಾಗೆ ಸಂಖ್ಯೆ ತುಂಬಿಸಿ ಅಭ್ಯಾಸ ಆದವರಿಗೆ ಅಲ್ಲೇ ಒಳ್ಳೆ ಕಸರತ್ತು.

ಹೋಗ್ಲಿ ಇಷ್ಟು ಮಾಡಿದ್ರೆ ಪರೀಕ್ಷೆಗೆ ಸಾಕಾ ಅಂದ್ರೆ ಖಂಡಿತ ಸಾಲಲ್ಲ. ಈ ಸಿಮ್ಯುಲೇಶನ್‌ನಲ್ಲಿ ಗ್ರಾಂ ಅನ್ನೋದೇ ಇಲ್ಲ, ಮೋಲಾರ್ ಮಾಸ್, ಅಂದ್ರೆ 1 ಮೋಲ್ ಎಷ್ಟು ಗ್ರಾಂ ಅನ್ನೋದೂ ಇಲ್ಲ. ಪ್ರಶ್ನೆಪತ್ರಿಕೆಲಿ ಬರೋದೆಲ್ಲ ಗ್ರಾಂನಲ್ಲೇ. ಒಂದು ಲೆಕ್ಕ ಹೇಳ್ತೀನಿ, 10 ಗ್ರಾಂ ನೈಟ್ರೋಜನ್ ಇದೆ 3 ಗ್ರಾಂ ಹೈಡ್ರೋಜನ್ ಇದೆ, ಯಾವುದು ಮೊದಲು ಮುಗಿಯುತ್ತೆ? ಹತ್ತರ ಮುಂದೆ ಮೂರು ಕಮ್ಮಿ, ಅದ್ರ ಮೇಲೆ ಹೈಡ್ರೋಜನ್ ಮೂರು ಪಟ್ಟು ಬೇರೆ ಬೇಕು, ಹಾಗಾಗಿ ಹೈಡ್ರೋಜನ್ನೇ ಅಂತ ತುಂಬಾ ಜನ ಬರೀತಾರೆ. ಆದ್ರೆ 10ನ್ನ 28.02ರಿಂದ ಭಾಗಿಸಿದ್ರೆ ನೈಟ್ರೋಜನ್ 0.357 ಮೋಲ್, 3ನ್ನ 2.016ರಿಂದ ಭಾಗಿಸಿದ್ರೆ ಹೈಡ್ರೋಜನ್ 1.488 ಮೋಲ್. ನೈಟ್ರೋಜನ್ ಪೂರ್ತಿ ಮುಗಿಯೋಕೆ ಬೇಕಾದ ಹೈಡ್ರೋಜನ್ ಅದರ ಮೂರರಷ್ಟು, 1.071 ಮೋಲ್, ನಮ್ಮ ಹತ್ರ ಅದಕ್ಕಿಂತ ಜಾಸ್ತಿನೇ ಇದೆ. ಅಲ್ಲಿಗೆ ಮೊದಲು ಮುಗಿಯೋದು ನೈಟ್ರೋಜನ್. ಅಮೋನಿಯ 0.714 ಮೋಲ್ ಬರುತ್ತೆ, 17.03ರಿಂದ ಗುಣಿಸಿದ್ರೆ 12.16 ಗ್ರಾಂ, ಮಿಕ್ಕ ಹೈಡ್ರೋಜನ್ 0.84 ಗ್ರಾಂ, ಎರಡೂ ಕೂಡಿಸಿದ್ರೆ 13 ಗ್ರಾಂ, ಹಾಕಿದ್ದೂ 13. ಈ ಕೊನೆಯ ಕೂಡೋದನ್ನ ಪ್ರತಿ ಲೆಕ್ಕದಲ್ಲೂ ಮಾಡಿ, ಉತ್ತರ ಸರಿ ಇದ್ಯಾ ಇಲ್ವಾ ಅಂತ ಯಾರನ್ನೂ ಕೇಳೋದು ಬೇಡ. ಫೆಟ್‌ನವರು ಇದೇ ಸಿಮ್ಯುಲೇಶನ್‌ಗೆ ಪಕ್ಕದಲ್ಲಿ ಗ್ರಾಂ ತೋರಿಸೋ ಒಂದು ಕಾಲಮ್ ಸೇರಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇನ್ನೊಂದು ವಿಷ್ಯ, ಇಲ್ಲಿ ಎಲ್ಲ ರಿಯಾಕ್ಷನ್ನೂ ನೂರಕ್ಕೆ ನೂರು ಮುಗಿಯುತ್ತೆ. ನಿಜದಲ್ಲಿ ಹಾಗಲ್ಲ, ಅದೇ ಅಮೋನಿಯ ಫ್ಯಾಕ್ಟರಿಲಿ ಮಾಡೋವಾಗ 400ರಿಂದ 500 ಡಿಗ್ರಿ ಸೆಲ್ಸಿಯಸ್, ಭಾರಿ ಒತ್ತಡ, ಕಬ್ಬಿಣದ ಕ್ಯಾಟಲಿಸ್ಟ್ ಎಲ್ಲ ಇದ್ರೂ ಒಂದು ಸಲ ಹಾಯ್ದಾಗ ಅಮೋನಿಯ ಆಗೋದು ಸ್ವಲ್ಪ ಭಾಗ ಮಾತ್ರ, ಉಳಿದ ಗ್ಯಾಸನ್ನ ಮತ್ತೆ ಮತ್ತೆ ತಿರುಗಿಸ್ತಾರೆ. ಪರ್ಸೆಂಟ್ ಯೀಲ್ಡ್ (ಲೆಕ್ಕದ ಪ್ರಕಾರ ಬರಬೇಕಾದ್ದರಲ್ಲಿ ನಿಜವಾಗಿ ನೂರಕ್ಕೆ ಎಷ್ಟು ಬಂತು) ಅನ್ನೋ ಪಾಠ ಹುಟ್ಟೋದೇ ಇಲ್ಲಿ, ಅದನ್ನ ಬೇರೆ ಕಡೆ ಓದ್ಕೊಳ್ಳಿ.

ಮೂರನೇದು ಮೊಲಾರಿಟಿ, ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಕರಗಿದೆ ಅನ್ನೋದು, ಈ ಸಿಮ್ಯುಲೇಶನ್ ಚಿಕ್ಕದು ಚೊಕ್ಕದು. ಎರಡು ಸ್ಲೈಡರ್, ಒಂದು ಮೋಲ್‌ಗೆ ಒಂದು ಲೀಟರ್‌ಗೆ, ಬಣ್ಣ ಗಾಢ ಆಗ್ತಾ ತಿಳಿ ಆಗ್ತಾ ಹೋಗುತ್ತೆ. ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಆರಿಸಿಕೊಂಡು ಮೋಲ್ ಏರಿಸ್ತಾ ಹೋಗಿ, ಸುಮಾರು ಅರ್ಧ ಮೋಲಾರ್ ಹತ್ರ ಬಂದಾಗ ಸಂಖ್ಯೆ ನಿಂತುಬಿಡುತ್ತೆ, ತಳದಲ್ಲಿ ಹರಳು ಕೂರೋಕೆ ಶುರು. ಮೋಲನ್ನ ಲೀಟರ್‌ನಿಂದ ಭಾಗಿಸಿದ್ರೆ ಮುಗೀತು ಅಂದ್ಕೊಂಡಿದ್ದೋರಿಗೆ ಕರಗಿದ್ದಷ್ಟೇ ಲೆಕ್ಕಕ್ಕೆ ಅನ್ನೋದು ಕಣ್ಣಿಗೇ ಕಾಣುತ್ತೆ.

ಡೈಲ್ಯೂಶನ್, ಅಂದ್ರೆ ನೀರು ಸೇರಿಸಿ ತೆಳು ಮಾಡೋದು ಕಲಿಯೋಕೆ ಮಾತ್ರ ಅದಕ್ಕಿಂತ ಕಾನ್ಸಂಟ್ರೇಶನ್ ಅನ್ನೋ ನಾಲ್ಕನೇದು ವಾಸಿ. ಮೇಲಿನ ನಲ್ಲಿ ತಿರುಗಿಸಿ ನೀರು ಬಿಟ್ರೆ ಮೀಟರ್ ಇಳಿಯುತ್ತೆ, ಆವಿ ಮಾಡಿದ್ರೆ ಏರುತ್ತೆ, ಇದು ಎಲ್ಲರೂ ಊಹಿಸ್ತಾರೆ. ಫೋನ್‌ನಲ್ಲಿ ಈ ಸ್ಲೈಡರ್‌ಗಳು, ನಲ್ಲಿಗಳು ಎಲ್ಲ ಬೆರಳಿಗೆ ಸಿಗೋದು ಕಷ್ಟ, ಲ್ಯಾಪ್‌ಟಾಪ್ ಅಥ್ವಾ ಟ್ಯಾಬ್ ಇಟ್ಕೊಳ್ಳಿ. ಆಮೇಲೆ ಕೆಳಗಿನ ನಲ್ಲಿ ಬಿಟ್ಟು ಅರ್ಧ ದ್ರಾವಣ ಖಾಲಿ ಮಾಡಿದ್ರೆ ಮೀಟರ್ ಎಷ್ಟು ತೋರಿಸುತ್ತೆ ಅಂತ ಮುಂಚೆನೇ ಊಹಿಸಿ ಒಂದು ಚೀಟಿಲಿ ಬರೆದಿಟ್ಕೊಳ್ಳಿ, ಪಕ್ಕದಲ್ಲಿ ಗೆಳೆಯರಿದ್ರೆ ಅವರ ಕೈಲೂ ಬರೆಸಿ, ಅರ್ಧ ಅಂತ ಬರೆಯೋರು ಒಬ್ಬರಾದ್ರೂ ಇದ್ದೇ ಇರ್ತಾರೆ. ಮೀಟರ್ ಅಲ್ಲಾಡೋದೇ ಇಲ್ಲ, ಅರ್ಧ ಆಗಿದ್ದು ಮೋಲ್ ಮತ್ತೆ ಲೀಟರ್ ಎರಡೂ.