‘ಫುಡ್ ಗ್ರೇಡ್ ಪ್ಲಾಟಿನಂ’ ಎಂದು ತವರದ ಸಿಲಿಕೋನ್ ಮಾರುತ್ತಿದ್ದಾರೆ, ಎಚ್ಚರ

ಮುಂಬಯಿಯಲ್ಲಿ ಮನೆಯಲ್ಲೇ ಚಾಕೊಲೇಟ್ ಅಚ್ಚು ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚೌತಿಗೆ ಚಾಕೊಲೇಟ್ ಮೋದಕ ಮಾಡಿಕೊಡುವುದಾಗಿ ಡೊಂಬಿವಲಿಯ ನಮ್ಮ ಕನ್ನಡದವರಿಗೆ ಮಾತು ಕೊಟ್ಟಿದ್ದೆ. ಅದರ ಅಚ್ಚಿಗಾಗಿ ನಾನು ಕೇಳಿದ್ದು ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ಸಂಯುಕ್ತದಿಂದ ಗಟ್ಟಿಯಾಗುವ, ತಿನಿಸಿನ ಅಚ್ಚಿಗೆ ಒಗ್ಗುವ ರಬ್ಬರಿನಂಥ ವಸ್ತು), ವ್ಯಾಪಾರಿ ಹಣ ತೆಗೆದುಕೊಂಡದ್ದೂ ಪ್ಲಾಟಿನಂ ದರದಲ್ಲಿಯೇ.

ಬಂದದ್ದು ಒಂದು ದೊಡ್ಡ ಡಬ್ಬ, ಅದರ ಜೊತೆಗೆ ಕೆಮ್ಮಿನ ಔಷಧದ ಶೀಶೆಯಷ್ಟು ಚಿಕ್ಕ ಬಾಟಲಿ. ಪ್ಲಾಟಿನಂ ಸಿಲಿಕೋನ್ ಸಾಮಾನ್ಯವಾಗಿ ಎ ಮತ್ತು ಬಿ ಎಂದು ಎರಡು ಸಮ ಭಾಗಗಳಲ್ಲಿ, ಕೆಲವು 10ಕ್ಕೆ 1ರಂತೆ ಬರುತ್ತದೆ. 100 ಗ್ರಾಮಿಗೆ 2ರಿಂದ 5 ಗ್ರಾಂ ಬೆರೆಸುವ, ಗಟ್ಟಿಯಾಗಿಸುವ ದ್ರವದ ಚಿಕ್ಕ ಬಾಟಲಿ ಇರುವುದು ತವರದ ಸಿಲಿಕೋನಿಗೆ, ಅಂದರೆ ತವರದ ಸಂಯುಕ್ತದಿಂದ ಗಟ್ಟಿಯಾಗುವ ಬಗೆಗೆ. ಡಬ್ಬದ ಮೇಲೆ ‘ಫುಡ್ ಗ್ರೇಡ್’ ಎಂಬ ಚೀಟಿಯೇನೋ ಇತ್ತು, ಆದರೆ ತಯಾರಕರ ಹೆಸರಿಲ್ಲ, ಬ್ಯಾಚ್ ನಂಬರೂ ಇಲ್ಲ.

ಫೋನ್ ಮಾಡಿದರೆ, “ಮೇಡಂ, ಇದು ಹೊಸ ಪ್ಲಾಟಿನಂ, ಹೀಗೇ ಬರುತ್ತದೆ” ಎಂದರು. ಸರಿ, ನೋಡಿಯೇಬಿಡೋಣ ಎಂದು, ಗಂಧಕ ಇರುವ ಮಾದರಿ ಜೇಡಿಯ ಒಂದು ತುಂಡಿನ ಮೇಲೆ ಸ್ವಲ್ಪ ಕಲಸಿ ಸುರಿದೆ. ಪ್ಲಾಟಿನಂ ಆಗಿದ್ದರೆ ಗಂಧಕ ತಗುಲಿದ ಕಡೆ ಅದು ಗಟ್ಟಿಯಾಗದೆ ಅಂಟಂಟಾಗಿ ಉಳಿಯಬೇಕಿತ್ತು. ಮರುದಿನ ಎಬ್ಬಿಸಿದಾಗ ಜೇಡಿಯ ಮೇಲಿದ್ದ ನನ್ನ ಬೆರಳಚ್ಚಿನ ಗೆರೆಗಳೂ ಸ್ಪಷ್ಟವಾಗಿ ಮೂಡಿದ್ದವು, ಎಲ್ಲಿಯೂ ಅಂಟಿರಲಿಲ್ಲ. ಅಷ್ಟು ಚೆಂದವಾಗಿ ಬಂದ ಅಚ್ಚನ್ನು ಕಂಡೇ ನನಗೆ ಮೋಸವಾಗಿರುವುದು ಖಚಿತವಾಯಿತು. ಇದನ್ನು ಹೇಳಿದ್ದಕ್ಕೆ ಅವರ ಉತ್ತರ: “ಗಟ್ಟಿಯಾಯಿತಲ್ಲ ಮೇಡಂ, ಮತ್ತೇನು ತಕರಾರು?”

ತಕರಾರು ಇದೇ: ತವರದ ಸಿಲಿಕೋನನ್ನು ಗಟ್ಟಿಯಾಗಿಸುವ ತವರದ ಸಂಯುಕ್ತ ವಿಷಕಾರಿ, ಅದರಲ್ಲಿ ಮಕ್ಕಳು ತಿನ್ನುವ ಪದಾರ್ಥ ಎರೆಯುವಂತಿಲ್ಲ! ಸುರಕ್ಷತಾ ಮಾಹಿತಿ ಪತ್ರ ಕೇಳಿದರೆ ಬೇರೆ ಯಾವುದೋ ಸರಕಿನ ಪತ್ರ ಕಳುಹಿಸಿದರು. ಹಣ ಕೇಳಿದರೆ, “ಡಬ್ಬ ತೆರೆದ ಮೇಲೆ ವಾಪಸಿಲ್ಲ” ಎಂದರು. ತೆರೆಯದೆ ಒಳಗಿರುವುದು ಏನೆಂದು ತಿಳಿಯುವುದಾದರೂ ಹೇಗೆ? ಕೊನೆಗೆ ಪ್ರತಿ ಮನೆಗೂ ನಾನೇ ಫೋನ್ ಮಾಡಿ ಮೋದಕ ಆಗುವುದಿಲ್ಲವೆಂದು ಹೇಳಬೇಕಾಯಿತು. ಆ ನಾಚಿಕೆಯನ್ನು ಯಾರು ತುಂಬಿಕೊಡುತ್ತಾರೆ?

ಇದೇ ವ್ಯಾಪಾರಿ ಪಾಲಿಯುರೆಥೇನ್ ರೆಸಿನ್ (ಕಲಸಿ ಅಚ್ಚಿಗೆ ಎರೆದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ದ್ರವ) ತೋರಿಸಿ, “ವಾಸನೆಯೇ ಇಲ್ಲ, ಮಾಸ್ಕ್ ಬೇಡ” ಎಂದಿದ್ದರು. ಇದು ಇನ್ನೂ ಅಪಾಯದ ಮಾತು. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ವಾಸನೆ ಬಾರದಿದ್ದರೂ ಆಸ್ತಮಾ ತರಬಲ್ಲದು, ಮಳೆಗಾಲವೆಂದು ಕಿಟಕಿ ಮುಚ್ಚಿದ ನಮ್ಮ ಚಿಕ್ಕ ಕೋಣೆಗಳಲ್ಲಿ ಅದನ್ನು ಕಲಸಲೇಬಾರದು.

ಹಣ ಕೊಡುವ ಮೊದಲು ಮಿಶ್ರಣದ ಅನುಪಾತ ಕೇಳಿ, ತಯಾರಕರ ಹೆಸರಿರುವ ಪತ್ರವನ್ನು ಕೈಗೆ ತೆಗೆದುಕೊಳ್ಳಿ. ಅಸಲಿ ಪ್ಲಾಟಿನಂ ಸಿಕ್ಕರೆ ಲೇಟೆಕ್ಸ್ ಕೈಗವಸು ಹಾಕಬೇಡಿ, ಅದು ತಗುಲಿದರೂ ಸಿಲಿಕೋನ್ ಗಟ್ಟಿಯಾಗುವುದಿಲ್ಲ, ನೈಟ್ರೈಲ್ ಹಾಕಿ. ಇಂಥ ಡಬ್ಬ ಈಗಾಗಲೇ ನಿಮ್ಮ ಮನೆಗೆ ಬಂದಿದ್ದರೆ ಪ್ಲಾಸ್ಟರ್ ಗೊಂಬೆಗಳ ಅಚ್ಚಿಗೆ ಬಳಸಿ, ಅಡುಗೆಮನೆಯೊಳಗೆ ಮಾತ್ರ ತರಬೇಡಿ.