ಪಟ್ಟಿ ಓಕೆ ಅಂದಿತು, ಹಾಡು ಇರಲಿಲ್ಲ

ಹಳೆಯ ರೆಕಾರ್ಡಿಂಗು, ಫೋಟೊ, ಸ್ಕ್ಯಾನ್ ಮಾಡಿದ ಕಾಗದಪತ್ರ ಜೋಪಾನ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದದ್ದು ನಿಮಗೆ ಆಗಬಾರದು.

ನನ್ನ ಮನೆ ಕಲಬುರಗಿಯಲ್ಲಿ. ಜೇವರ್ಗಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಗೆ ಹೋಗಿ ತತ್ವಪದ ಹಾಡುವವರನ್ನು ರೆಕಾರ್ಡ್ ಮಾಡುತ್ತ ಬಂದಿದ್ದೇನೆ. ಕಡಕೋಳ ಮಡಿವಾಳಪ್ಪನವರ ಪದ ಇಲ್ಲಿ ಇನ್ನೂ ಬಾಯಿಂದ ಬಾಯಿಗೇ ಬರುತ್ತಿದೆ. ಹಾಡುವವರಲ್ಲಿ ಬಹಳ ಜನರಿಗೆ ಎಪ್ಪತ್ತು ದಾಟಿದೆ. ಒಟ್ಟು ಮುನ್ನೂರು ಚಿಲ್ಲರೆ ವೇವ್ ಫೈಲು. ಪ್ರತಿಯೊಂದಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ ತೆಗೆದು ಒಂದು ಪಟ್ಟಿ ಮಾಡಿಟ್ಟಿದ್ದೆ. ಅಂದರೆ ಫೈಲಿನೊಳಗೆ ಇರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ, ಒಂದು ಫೈಲಿಗೆ 64 ಅಕ್ಷರದ ಒಂದು ಗುರುತು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಗುರುತು ಗುರುತೇ ಸಿಗದಷ್ಟು ಬದಲಾಗುತ್ತದೆ.

ಒಂದು ಬೇಸಿಗೆಯಲ್ಲಿ ಕೂತು ಎಲ್ಲ ಫೈಲುಗಳೊಳಗೆ ಹಾಡಿದವರ ಹೆಸರು, ಊರು ಸೇರಿಸಿದೆ. ಸದ್ದು ಅದೇ, ಆದರೆ ಫೈಲು ಬೇರೆಯಾಯಿತು. ಪಟ್ಟಿ ತಿದ್ದಲಿಲ್ಲ, ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಅದೇ ವಾರ ಹೊಸ ಹಾರ್ಡ್ ಡಿಸ್ಕಿಗೆ ಕಾಪಿ ಹಾಕುವಾಗ ಕರೆಂಟ್ ಹೋಯಿತು. ಬಂದ ಮೇಲೆ ಉಳಿದದ್ದನ್ನು ಹಾಕಿ ಮುಗಿಸಿ, ಪಟ್ಟಿಯ ಜೊತೆ ತಾಳೆ ನೋಡಿದೆ. ಮೇಲಿಂದ ಕೆಳಗಿನವರೆಗೆ ಫೇಲ್ಡ್, ಫೇಲ್ಡ್, ಫೇಲ್ಡ್. ಹೆಸರು ಸೇರಿಸಿದ್ದಕ್ಕೆ ಹೀಗಾಗಿದೆ ಎಂದು ಮುಚ್ಚಿಟ್ಟೆ.

ಅದರಲ್ಲಿ ಒಂದು ಫೇಲ್ಡ್ ನಿಜವಾದದ್ದಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಮುಂದಿನದು. ಈ ಕಿರಿಕಿರಿಯೇ ಬೇಡವೆಂದು ಹೊಸ ಡಿಸ್ಕಿನಲ್ಲಿದ್ದ ಫೈಲುಗಳಿಂದಲೇ ಇಡೀ ಪಟ್ಟಿಯನ್ನು ಹೊಸದಾಗಿ ತೆಗೆದು, ಹಳೆಯ ಪಟ್ಟಿ ಅಳಿಸಿ, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಕೊಟ್ಟೆ. ಚೆಕ್‌ಸಮ್‌ಗೆ ಒಳ್ಳೆಯ ಫೈಲು, ಕೆಟ್ಟ ಫೈಲು ಎಂಬುದು ಗೊತ್ತಿಲ್ಲ. ಆ ದಿನ ಇದ್ದದ್ದು ಈ ದಿನವೂ ಇದೆಯೇ ಅಷ್ಟೇ ಅದು ಹೇಳುವುದು. ಕೆಟ್ಟ ಫೈಲಿಗೆ ನಾನೇ ಕೈಯಾರೆ ಸರಿ ಎಂದು ಮುದ್ರೆ ಒತ್ತಿದ್ದೆ. ಆಮೇಲೆ ಎರಡು ವರ್ಷ ಯಾವಾಗ ನೋಡಿದರೂ ಎಲ್ಲ ಓಕೆ.

ಹೋದ ವರ್ಷ ಶಹಾಪುರದ ಹತ್ತಿರದ ಊರಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ಅಜ್ಜಿ ತೀರಿಕೊಂಡಿದ್ದರು, ಅವರ ಹಾಡು ಬೇಕಿತ್ತು. ಫೈಲು ತೆರೆದೆ. ಹನ್ನೊಂದನೇ ನಿಮಿಷದಲ್ಲಿ ಅಜ್ಜಿ ಏಕತಾರಿ ಕೆಳಗಿಟ್ಟು ಕೆಮ್ಮಿ, 'ತಡಿ ಯಪ್ಪಾ, ಇನ್ನೊಂದ್ ಪದ ಹಾಡ್ತೀನಿ' ಅಂದರು. ಅಲ್ಲಿಗೆ ಮುಗಿಯಿತು. ಮುಂದೆ ಹದಿನಾಲ್ಕು ನಿಮಿಷ ಬರೀ ಮೌನ. ಫೈಲಿನ ಗಾತ್ರ ಮೊದಲಿನಷ್ಟೇ ಇತ್ತು, ಒಳಗೆ ಸೊನ್ನೆಗಳು ತುಂಬಿದ್ದವು. ಬರೆಯುವಾಗ ಕರೆಂಟ್ ಹೋದರೆ ಹೀಗಾಗುವುದುಂಟು. ಅದಕ್ಕೇ ಗಾತ್ರ ನೋಡಿ ಸಮಾಧಾನ ಪಡಬೇಡಿ.

ಈಗ ನಾನು ಮಾಡುವುದು ಹೀಗೆ. ಮೂಲ ರೆಕಾರ್ಡಿಂಗನ್ನು ಮುಟ್ಟುವುದೇ ಇಲ್ಲ. ಅದು ಬೇರೆ ಫೋಲ್ಡರಿನಲ್ಲಿ, ಓದಲು ಮಾತ್ರ. ಹೆಸರು, ಊರು ಒಂದು ಸ್ಪ್ರೆಡ್‌ಶೀಟಿನಲ್ಲಿ. ಯಾವುದಾದರೂ ಫೈಲಿನ ಕಾಪಿಯನ್ನು ತಿದ್ದಲೇಬೇಕಾದರೆ ಮೊದಲು ಹಳೆಯ ಪಟ್ಟಿಯ ಜೊತೆ ತಾಳೆ ನೋಡುತ್ತೇನೆ, ಓಕೆ ಬಂದರಷ್ಟೇ ಕೈ ಹಾಕುತ್ತೇನೆ. ತಿದ್ದಿದ ಮೇಲೆ ಕೊನೆಯವರೆಗೂ ಕೇಳಿ, ಆ ಒಂದು ಫೈಲಿನ ಸಾಲನ್ನು ಮಾತ್ರ ಅಲ್ಲೇ, ಎದ್ದು ಹೋಗುವ ಮುಂಚೆ ಬದಲಿಸುತ್ತೇನೆ. ಹಳೆಯ ಪಟ್ಟಿಯನ್ನು ತಾರೀಖು ಹಾಕಿ ಇಟ್ಟುಕೊಳ್ಳುತ್ತೇನೆ. ಫೈಲಿನ ಹೆಸರು ಬದಲಿಸಿದರೆ ಚೆಕ್‌ಸಮ್ ಬದಲಾಗುವುದಿಲ್ಲ, ಆದರೆ ಪಟ್ಟಿಯಲ್ಲಿ ಹೆಸರು ತಿದ್ದದಿದ್ದರೆ ಫೈಲೇ ಇಲ್ಲ ಎನ್ನುತ್ತದೆ. ಅದನ್ನೂ ಆಗಲೇ ತಿದ್ದಿ. ಒಂದು ಸುಳ್ಳು ಫೇಲ್ಡ್ ಕೂಡ ಪಟ್ಟಿಯಲ್ಲಿ ಉಳಿಯಲು ಬಿಡಬೇಡಿ. ಒಂದನ್ನು ನೋಡಿಯೂ ಬಿಟ್ಟ ಕಣ್ಣು ಮುನ್ನೂರನ್ನೂ ಬಿಡುತ್ತದೆ.

ಆ ಹುಡುಗನಿಗೆ ಹನ್ನೊಂದು ನಿಮಿಷದ್ದನ್ನೇ ಕಳಿಸಿದೆ. ಇನ್ನೊಂದು ಪದ ಯಾವುದಿತ್ತು ಎಂದು ಕೇಳಿದ. ನನಗೆ ನೆನಪಿಲ್ಲ.